ಕಾರಿನ ಗತ್ತು

ಮಗಳ ಅಪ್ಪನಿಗೆ,

ಕಾರಿನ ಸೈಲೆನ್ಸರ್ ಬದಲಾಯಿಸಿದ್ದು ನಿಜ. "ಕಾರಿನ ಗತ್ತೇ ಹೋಯ್ತು" ಎಂದು ನಿಮ್ಮ ತಂಗಿಯ ಹತ್ತಿರ ಕೊರಗಿದಿರಂತೆ. ಅದಕ್ಕೇ ಈ ಪತ್ರ.

ಆ ಪುಟ್ಟ ಕಾರಿಗೆ ನೀವು ಆಸೆಪಟ್ಟು ಹಾಕಿಸಿದ ದಪ್ಪ ಸೈಲೆನ್ಸರಿನ ಗುಡುಗು ಬೀದಿಯ ತಿರುವಿನಲ್ಲೇ ಕೇಳಿಸುತ್ತಿತ್ತು. ಕೇಳಿದೊಡನೆ ನಾನೂ ಮಗಳೂ ಟೀವಿ ಆರಿಸಿ, ನೀವು ಒಳಗೆ ಕಾಲಿಡುವ ಮೊದಲೇ ಮುಖ ಸರಿಮಾಡಿಕೊಳ್ಳುತ್ತಿದ್ದೆವು. ನೀವು ಬೇರೆ ಮನೆ ಮಾಡಿದ ಮೇಲೆ ಕಾರು ಓಡಿಸುವವಳು ನಾನು. ಆದರೂ ಕೆಲಸ ಮುಗಿಸಿ ಬಂದಾಗಲೆಲ್ಲ ಟೀವಿ ಆರಿರುತ್ತಿತ್ತು. ಮಗಳು ಪುಸ್ತಕ ತೆರೆದು, ಉಸಿರು ಬಿಗಿಹಿಡಿದು ಕೂತಿರುತ್ತಿದ್ದಳು. ಒಂದು ದಿನ, "ನಾನು ಕಣೇ" ಎಂದೆ.

"ಗೊತ್ತಮ್ಮಾ. ಆದ್ರೂ ಆ ಸದ್ದು ಕೇಳಿದ್ರೆ ಎದೆ ಢವಢವ ಅನ್ನುತ್ತೆ" ಎಂದಳು.

ಮರುದಿನವೇ ಗ್ಯಾರೇಜಿಗೆ ಹೋದೆ. "ಚೆನ್ನಾಗೇ ಇದೆಯಲ್ಲಕ್ಕಾ, ಯಾಕೆ ತೆಗೆಸ್ತೀರಾ?" ಎಂದ ಮೆಕ್ಯಾನಿಕ್.

"ಮನೇಲಿ ಮಗು ಇದೆಯಪ್ಪಾ" ಎಂದೆ. ಅವನು ಮತ್ತೇನೂ ಕೇಳದೆ, ಕಾರು ಕೊಂಡಾಗ ಇದ್ದಂಥದೇ ಸಾದಾ ಸೈಲೆನ್ಸರ್ ಕೂರಿಸಿದ. ನಿಮ್ಮದು ಅವನ ಹತ್ತಿರವೇ ಇದೆ. ದಯವಿಟ್ಟು ಅಲ್ಲಿಂದಲೇ ಒಯ್ಯಿರಿ, ಮನೆಗೆ ಬರಬೇಡಿ.

ನಿನ್ನೆ ಸಂಜೆ ಕಾರು ನಿಲ್ಲಿಸಿ ಬಾಗಿಲ ಬಳಿ ಬಂದರೆ, ಒಳಗೆ ಮಗಳು ಗಂಟಲು ಬಿಟ್ಟು ಹಾಡುತ್ತಿದ್ದಳು. ಅವಳಿಗೆ ಹಾಡಲು ಬರುತ್ತದೆಂದು ನಿಮಗಿರಲಿ, ಹೆತ್ತ ನನಗೇ ಗೊತ್ತಿರಲಿಲ್ಲ. ಬಾಗಿಲು ತಟ್ಟದೆ, ಹಾಡು ಮುಗಿಯುವವರೆಗೂ ಮೆಟ್ಟಿಲ ಮೇಲೆ ಕೂತಿದ್ದೆ.

ಇತಿ,
ಅವಳ ಅಮ್ಮ