ಲೈನಿಂಗ್ ಇಲ್ಲದ ಗೌನು

ಮಾರ್ಚ್ 4, ಸೋಮವಾರ

ಬೆಳಗ್ಗೆಯಿಂದ ಸಿಪಾಯಿಗಳ ಕೋಟಿಗೆ ಗುಂಡಿ ಹಚ್ಚಿದ್ದೇ ಆಯ್ತು. ನಾಟಕದ ಕಂಪನಿಯವರಿಗೆ ಕುತ್ತಿಗೆಗೆ ಬಂದಾಗಲೇ ಬಟ್ಟೆ ನೆನಪಾಗೋದು.

ಮಧ್ಯಾಹ್ನ ಅಕ್ಕ ಬಂದಳು. ಆಪರೇಷನ್ ಆದಮೇಲೆ ಮೊದಲ ಸಲ ಒಬ್ಬಳೇ ಮೆಟ್ಟಿಲು ಹತ್ತಿದ್ದು. ಚೀಲದಿಂದ ಬಿಳೀ ಮಲ್ಮಲ್ ತೆಗೆದು ಮೇಜಿನ ಮೇಲೆ ಹರವಿದಳು. ಎಷ್ಟು ತೆಳು... ಕೆಳಗಿದ್ದ ಕತ್ತರಿ, ಚಾಕ್‌ಪೀಸು ಎಲ್ಲ ಹಾಗೇ ಕಾಣ್ತಿತ್ತು.

"ರಾಣಿ ಪಾರ್ಟು ನನಗೇ ಕಣೇ! ಇನ್ನೂರು ವರ್ಷದ ಹಿಂದಿನ ರಾಣಿ. ಇದರಲ್ಲಿ ಏನು ಹೊಲೀತೀಯೋ ನೀನೇ ಯೋಚಿಸು."

ಖುಷಿ ಆಗಬೇಕಿತ್ತು. ಕಣ್ಣು ಅವಳ ಎದೆಯ ಎಡಗಡೆಗೆ ಹೋಯ್ತು. ಕ್ಯಾನ್ಸರ್ ಅಂತ ಆ ಕಡೆಯದ್ದು ತೆಗೆದುಬಿಟ್ಟಿದಾರೆ. ಈ ಬಟ್ಟೆ ಏನನ್ನೂ ಮುಚ್ಚಲ್ಲ.

ಮಾರ್ಚ್ 7, ಗುರುವಾರ

ಹಳೇ ಚಿತ್ರಗಳನ್ನೆಲ್ಲ ನೋಡಿದೆ. ದರ್ಬಾರಿನ ನರ್ತಕಿಯ ಘೇರಿನ ಅಂಗಿ — ಬಟ್ಟೆ ಸಾಲಲ್ಲ. ಎದೆ ಕೆಳಗೇ ನೆರಿಗೆ ಹಿಡಿದ ಉದ್ದ ಗೌನು — ಚಂದ, ಆದ್ರೆ... ಕೊನೆಗೆ ವಿಧವೆ ರಾಣಿಯ ಮುಸುಕು ಅಂತ ಅಕ್ಕನಿಗೆ ಹೇಳಿದೆ. ನಾಲ್ಕು ಪದರ ಹಾಕಿದ್ರೆ ಸೊಂಟದವರೆಗೂ ಮರೆ.

"ನನ್ನ ಅಲಂಕಾರ ಮಾಡ್ತೀಯೋ, ಮುಚ್ಚಿಡ್ತೀಯೋ?" ಅಂದಳು. ಕಾಫಿ ಅರ್ಧಕ್ಕೇ ಬಿಟ್ಟು ಹೋದಳು.

ಮಾರ್ಚ್ 15

ಫೋನ್ ಎತ್ತುತ್ತಿಲ್ಲ.

ಮಾರ್ಚ್ 21, ಗುರುವಾರ

ತಾನೇ ಬಂದಳು. ಬಾಗಿಲು ಹಾಕಿ ರವಿಕೆ ಬಿಚ್ಚಿ ನಿಂತಳು. ನಾನು ಟೇಪು ಹುಡುಕೋ ನೆಪದಲ್ಲಿ ಆ ಕಡೆ ತಿರುಗಿದೆ.

"ಇಲ್ಲಿ ನೋಡೇ. ನೋಡಿ ಮುಗಿಸು. ಆಮೇಲೆ ಅಳತೆ ತಗೋ."

ನೋಡಿದೆ. ಕಂಕುಳಿನಿಂದ ಒಂದು ಓರೆ ಗೆರೆ. ಡಾಕ್ಟ್ರು ಹೊಲಿಗೆ ನೀಟಾಗೇ ಹಾಕಿದಾರೆ ಅಂದೆ — ಬಾಯಿಗೆ ಬಂದಿದ್ದೇ ಅದು. ಜೋರಾಗಿ ನಕ್ಕಳು. ನಾನೂ ನಕ್ಕೆ, ಹಾಗೇ ಅತ್ತುಬಿಟ್ಟೆ.

ಗೌನೇ ಸರಿ. ಲೈನಿಂಗ್ ಬೇಡವಂತೆ. ಎಡಗಡೆ ಹತ್ತಿ ತುಂಬೋದೂ ಬೇಡ. "ಆ ರಾಣಿಗೂ ಹೀಗೇ ಆಗಿತ್ತು ಅಂದ್ಕೊಳ್ಲಿ ಜನ."

ಮಾರ್ಚ್ 26

ಕತ್ತರಿಸಿದೆ. ಜಾರುತ್ತೆ, ಕೆಳಗೆ ಪೇಪರ್ ಇಟ್ಟು ಗುಂಡುಸೂಜಿ ಚುಚ್ಚಬೇಕಾಯ್ತು. ಒಳಗಿನ ಅಂಚೂ ಹೊರಗೆ ಕಾಣೋದ್ರಿಂದ ಎಲ್ಲಾ ಮಡಿಚಿ ಎರಡೆರಡು ಸಲ ಹೊಲಿಗೆ. ಎಡಗಡೆ ಚಪ್ಪಟೆ, ಬಲಗಡೆ ನೆರಿಗೆ.

ಟ್ರಯಲ್‌ಗೆ ನಿಂತಾಗ ಅಕ್ಕನಿಗೆ ಬಿಡದೆ ಕೆಮ್ಮು. ಧೂಳು ಅಂದಳು.

ಏಪ್ರಿಲ್ 17, ಬುಧವಾರ

ಧೂಳಲ್ಲ. ಶ್ವಾಸಕೋಶಕ್ಕೆ ಹರಡಿದೆ. ಡಾಕ್ಟ್ರು ನನ್ನೊಬ್ಬಳನ್ನೇ ಹೊರಗೆ ಕರೆದಾಗಲೇ ಗೊತ್ತಾಯ್ತು. ಅವಳಿಗೆ ಅದಕ್ಕೂ ಮುಂಚೆ.

ನಮ್ಮನೆಗೇ ಕರ್ಕೊಂಡು ಬಂದೆ. ಮಿಷನ್ ಇರೋ ರೂಮಲ್ಲೇ ಮಂಚ.

ಏಪ್ರಿಲ್ 20

ಡೈರೆಕ್ಟರ್ ಬಂದಿದ್ರು. ಪಾರ್ಟು ಬೇರೆ ಹುಡುಗಿಗೆ. ತಪ್ಪು ಹೇಳೋ ಹಾಗಿಲ್ಲ. ಹೊರಡುವಾಗ ಗೌನು ಕೈಯಲ್ಲಿ ಹಿಡಿದು, "ಇದನ್ನ ಆ ಹುಡುಗಿಗೆ ಸರಿಮಾಡಿ ಕೊಡ್ತೀರಾ?"

"ಆಗಲ್ಲ ಸಾರ್. ಇಂಥ ಬಟ್ಟೆ ಬಿಚ್ಚಿದ್ರೆ ಸೂಜಿ ತೂತು ಹಾಗೇ ಉಳಿಯುತ್ತೆ."

ಅವರು ಹೋದಮೇಲೆ ಮಂಚದಿಂದ ಅಕ್ಕ: "ನಿಜವಾಗ್ಲೂ ಉಳಿಯುತ್ತಾ?"

"ಹೂಂ."

"ಕೊಡು ಅಂತ ಹೇಳೋಣ ಅಂತಿದ್ದೆ. ಬಾಯಿ ಬರ್ಲಿಲ್ಲ ನೋಡು."

ಮೇ 2, ಮಧ್ಯಾಹ್ನ

ಬೆಳಗ್ಗೆ ತಾನೇ ಕೇಳಿ ಗೌನು ಹಾಕಿಸಿಕೊಂಡಳು. ಭುಜದಲ್ಲಿ ಜೋತುಬಿತ್ತು. ಕಿಟಕಿ ಪಕ್ಕ ಕುರ್ಚಿಯಲ್ಲಿ ಕೂರಿಸಿದೆ. ಕೆಳಗಿನ ಅಂಚು ಬಾಕಿ ಇತ್ತು, ನೆಲದ ಮೇಲೆ ಕೂತು ಕೈಯಲ್ಲೇ ಹೊಲಿದೆ. ರಾಣಿಯ ಮಾತು ಎರಡು ಸಾಲು ಹೇಳಿದಳು, ಮೂರನೇದು ಮರೆತು ನನಗೇ ಬೈದಳು. "ನೆನಪು ಮಾಡಬಾರ್ದೇನೇ, ಮೂದೇವಿ!"

ಈಗ ನಿದ್ದೆ. ಉಸಿರಾಡಿದಾಗೆಲ್ಲ ಎದೆ ಮೇಲಿನ ಬಟ್ಟೆ ಅಲ್ಲಾಡುತ್ತೆ, ಅಷ್ಟು ತೆಳು. ಬರೀತಾ ಬರೀತಾ ಅದನ್ನೇ ನೋಡ್ತಿದೀನಿ. ಆದ್ರೆ ಫ್ಯಾನೂ ತಿರುಗ್ತಿದೆ. ಎದ್ದು ಆಫ್ ಮಾಡಿ ಬಂದೆ.

ರೆಕ್ಕೆ ನಿಂತಿತು. ಬಟ್ಟೆಯೂ ಅಲ್ಲಾಡ್ತಿಲ್ಲ.