ಕೋರ್ಟಿಗೂ ರಜೆ, ನಮಗೂ ರಜೆ

ಹಾಸ್ಟೆಲಿನ ಮೂಲೆ ಕೋಣೆ,
ಮೇ ೨೬, ಸೋಮವಾರ

ನನ್ನ ಮುದ್ದು ಅಕ್ಕಾ,

ಹೇಗಿದ್ದೀಯ? ಕಾಲಿನ ಬಾವು ಇಳಿಯಿತೇ? ಹೊಲಿಗೆ ಯಂತ್ರ ತುಳಿಯಬೇಡ ಎಂದು ಡಾಕ್ಟರು ಹೇಳಿದ ಮೇಲೂ ನೀನು ಗಿರಾಕಿಗಳನ್ನು ವಾಪಸು ಕಳಿಸುತ್ತಿಲ್ಲವೆಂದು ಅಪ್ಪ ಫೋನಿನಲ್ಲಿ ಚಾಡಿ ಹೇಳಿದರು. ತುಂಬು ಬಸುರಿ ಯಾರದೋ ಅಂಗಿಗೆ ಗುಂಡಿ ಹಚ್ಚದಿದ್ದರೆ ಊರೇನೂ ಮುಳುಗಿಹೋಗುವುದಿಲ್ಲ. ಒಳಗಿರುವ ಪುಟ್ಟ ಆಸಾಮಿ ಒದೆಯುತ್ತಿದೆಯೇ? ಒದೆಯಲಿ ಬಿಡು, ನಿನಗೆ ಬುದ್ಧಿ ಹೇಳುವವರು ಆ ಮನೆಯಲ್ಲಿ ಒಬ್ಬರಾದರೂ ಬೇಕಲ್ಲ.

ನಾನು ಚೆನ್ನಾಗಿದ್ದೇನೆ. ಹೋದ ವಾರ ಹೀಗೆ ಬರೆದಿದ್ದರೆ ಸುಳ್ಳಾಗುತ್ತಿತ್ತು.

ಲಾ ಕಾಲೇಜಿನಲ್ಲಿ ನಮ್ಮನ್ನು ಆಳುವ ದೊರೆ ಎಂದರೆ ನೋಟಿಸ್ ಬೋರ್ಡಿನ ಮೇಲಿರುವ ಶೈಕ್ಷಣಿಕ ಕ್ಯಾಲೆಂಡರು. ನಮಗೆ ಜ್ವರ ಬರುವುದಾದರೂ ಅದನ್ನು ಕೇಳಿಯೇ ಬರಬೇಕು. ಅಣಕು ನ್ಯಾಯಾಲಯದ ಸ್ಪರ್ಧೆ, ಕಿರುಪರೀಕ್ಷೆ, ಪ್ರಾಜೆಕ್ಟು ಒಪ್ಪಿಸುವುದು, ಎಲ್ಲವೂ ಒಂದೇ ವಾರಕ್ಕೆ ಬಂದು ಕೂರುತ್ತವೆ. ಆಮೇಲೆ ನೊಣ ಹೊಡೆಯಲು ಒಂದು ತಿಂಗಳು. ನನ್ನ ಕೋಣೆಯ ಗೆಳತಿ ತನ್ನ ಮದುವೆ ಮಾತುಕತೆಯನ್ನೇ ಸೆಮಿಸ್ಟರ್ ಮುಗಿಯಲಿ ಎಂದು ಮುಂದೂಡಿದ್ದಾಳೆ. ಹುಡುಗನ ಕಡೆಯವರು ಅದನ್ನು ನಾಚಿಕೆ ಎಂದುಕೊಂಡಿದ್ದಾರೆ, ಪಾಪ.

ಈ ವರ್ಷದ ಕ್ಯಾಲೆಂಡರಿನಲ್ಲಿ ಮೇ ತಿಂಗಳ ರಜೆಗೆ ಇಂಟರ್ನ್‌ಶಿಪ್ ಎಂದು ಬರೆದಿತ್ತು. ಒಬ್ಬ ವಕೀಲರ ಕೈಕೆಳಗೆ ಕೆಲಸ ಕಲಿತು, ಕೋರ್ಟಿನ ಕಲಾಪ ನೋಡಿ ಬರಬೇಕು. ಮೊದಲ ದಿನ ನೀನು ಹೊಲಿದುಕೊಟ್ಟ ಕಪ್ಪು ಕೋಟು ತೊಟ್ಟು ಹೊರಟೆ. ನಮ್ಮ ತರಗತಿಗೆ ತರಗತಿಯೇ ಇಸ್ತ್ರಿ ಮುರಿಯದೆ ಕೋರ್ಟಿನ ಮುಂದೆ ನೆರೆದಿತ್ತು. ಒಳಗೆ ಹೋದರೆ ನರಪಿಳ್ಳೆ ಇಲ್ಲ. ಬೆಂಚುಗಳನ್ನು ಒಂದರ ಮೇಲೊಂದು ಬೋರಲು ಹಾಕಿದ್ದರು. ಏಣಿಯ ಮೇಲಿದ್ದ ಪೇಂಟರ್ ನಮ್ಮನ್ನು ನೋಡಿ, "ಕೋರ್ಟಿಗೆ ಈ ತಿಂಗಳು ಪೂರ್ತಿ ರಜೆ ಕಣ್ರಪ್ಪಾ. ಗೋಡೆಗೆ ಒರಗಬೇಡಿ, ಬಣ್ಣ ಹಸಿ ಇದೆ" ಎಂದ. ಕೋರ್ಟಿನ ರಜೆಪಟ್ಟಿಯನ್ನು ಕಾನೂನು ಓದುವ ನಾವೂ ನೋಡಿರಲಿಲ್ಲ, ಓದಿಸುವ ಮೇಷ್ಟ್ರುಗಳೂ ನೋಡಿರಲಿಲ್ಲ! ಅಷ್ಟರಲ್ಲಿ ನಿನ್ನ ಕೋಟಿನ ತೋಳಿಗೆ ಬಣ್ಣ ಮೆತ್ತಿಕೊಂಡಾಗಿತ್ತು. ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆದಿದ್ದೇನೆ, ಬೈಯಬೇಡ.

ಉಳಿದವರು ಗಂಟುಮೂಟೆ ಕಟ್ಟಿದರು. ನಾನು ಮಾತ್ರ ನನಗೆ ಗೊತ್ತುಮಾಡಿದ್ದ ಸೀನಿಯರ್ ವಕೀಲೆಯ ಆಫೀಸಿಗೆ ಅಂಟಿಕೊಂಡೆ. "ಕಕ್ಷಿಗಾರರ ಜಗಳಕ್ಕೆ ರಜೆ ಇರುತ್ತೇನಮ್ಮ? ಕೂತ್ಕೋ, ಬರಿ" ಎಂದರು ಆಕೆ. ಅರ್ಜಿ ಬರೆದೆ, ಹಳೆಯ ಕಡತ ಓದಿದೆ, ಬಂದವರ ಗೋಳು ಕೇಳಿದೆ. ಇದು ಲೆಕ್ಕಕ್ಕೆ ಬರುತ್ತದೆ ಎಂದು ನಂಬಿದ್ದೆ. ಹೋದ ವಾರ ಕಾಲೇಜಿನಿಂದ ಹೊಸ ನೋಟಿಸು ಬಂತು: ಕೋರ್ಟು ತೆರೆದ ಮೇಲೆ ಜೂನ್ ಪೂರ್ತಿ ಇಂಟರ್ನ್‌ಶಿಪ್, ತಪ್ಪಿಸಿಕೊಂಡವರು ಒಂದು ವರ್ಷ ಕಾಯಬೇಕು.

ನಿನಗೆ ದಿನ ತುಂಬುವುದೂ ಜೂನಿನಲ್ಲೇ. ಭಾವ ಹಡಗಿನಿಂದ ಇಳಿಯುವಾಗ ಆಗಸ್ಟ್ ಆಗುತ್ತದೆ. ಅಪ್ಪನೋ, ಆಸ್ಪತ್ರೆಯ ವಾಸನೆಗೇ ತಲೆ ತಿರುಗಿ ಬೀಳುವವರು. ಅದು ಯಾವತ್ತಿನಿಂದ ಎಂದು ನಮ್ಮಿಬ್ಬರಿಗೂ ಗೊತ್ತು. ನೀನೇನೋ ಫೋನಿನಲ್ಲಿ ನಗುತ್ತಾ, "ಓದು ಮುಖ್ಯ ಕಣೇ, ಹೆರೋದರಲ್ಲಿ ನಾನೇ ಮೊದಲಿನವಳಾ?" ಎಂದೆ. ಆದರೆ ಫೋನ್ ಇಡುವ ಮುಂಚೆ, "ನಿನ್ನನ್ನ ಹೆತ್ತು ಹೋದಾಗ ಅಮ್ಮನಿಗೂ ನನ್ನಷ್ಟೇ ವಯಸ್ಸು ಅಲ್ವಾ" ಎಂದೆ. ಆಮೇಲೆ ನನಗೆ ಊಟ ಸೇರಲಿಲ್ಲ ಅಕ್ಕಾ.

ನನ್ನ ಮುಖ ನೋಡಿ ಸೀನಿಯರ್ ಎಲ್ಲವನ್ನೂ ಬಾಯಿ ಬಿಡಿಸಿದರು. "ಹೋಗು, ನಿನ್ನ ಮೊದಲನೇ ಕೇಸು ನಿನ್ನದೇ. ಅಳಬೇಡ, ಬೇಕಾದ್ದನ್ನ ಮೊದಲು ಕೇಳು" ಎಂದು ಪ್ರಿನ್ಸಿಪಾಲರ ಬಳಿ ಅಟ್ಟಿದರು. ಇವತ್ತು ಬೆಳಿಗ್ಗೆ ಹೋಗಿ ನಿಂತೆ. ಬಾಯಿ ಗೊತ್ತಲ್ಲ, ನಿನ್ನ ತಂಗಿಯದೇ. "ಎರಡು ರಜೆ ಒಂದೇ ತಿಂಗಳಿಗೆ ಬಿದ್ದದ್ದು ಕ್ಯಾಲೆಂಡರಿನ ತಪ್ಪು ಸರ್, ಶಿಕ್ಷೆ ಯಾಕೆ ನಮ್ಮಕ್ಕನಿಗೆ?" ಎಂದುಬಿಟ್ಟೆ. ಅವರು ಕನ್ನಡಕ ತೆಗೆದರು. ಬೈಗುಳ ಬಂತು ಎಂದುಕೊಂಡರೆ, "ಮನೆಯಲ್ಲಿ ಬೇರೆ ಯಾರೂ ಇಲ್ವೇನಮ್ಮಾ?" ಎಂದು ಮೆತ್ತಗೆ ಕೇಳಿದರು. ಆಫೀಸಿನಲ್ಲಿ ಮಾಡಿದ ಕೆಲಸ ಲೆಕ್ಕಕ್ಕೆ ಸೇರುತ್ತದಂತೆ. ಕೋರ್ಟಿನ ಕಲಾಪವನ್ನು ಮುಂದಿನ ಸೆಮಿಸ್ಟರಿನ ಶನಿವಾರಗಳಲ್ಲಿ ನೋಡಿ ಮುಗಿಸಬೇಕಂತೆ. ಜೂನ್ ನನ್ನದು!

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತೆ. ಹೋಗಿ ಬರುವವರೆಲ್ಲ ನಾನು ಫೇಲಾದೆನೆಂದು ಸಮಾಧಾನ ಮಾಡಿದರು. ಈಗ ಹೊಟ್ಟೆ ತುಂಬ ಉಂಡು, ಮಂಚದ ಮೇಲೆ ಕಾಲು ಚಾಚಿ ಬರೆಯುತ್ತಿದ್ದೇನೆ. ಎಷ್ಟು ಹಗುರವಾಗಿದೆ ಗೊತ್ತಾ!

ಅಪ್ಪನಿಗೆ ನಮಸ್ಕಾರ ಹೇಳು, ಚಾಡಿ ಹೇಳುವುದನ್ನು ಮುಂದುವರಿಸಲಿ. ನಿನಗೂ ಒಳಗಿನವರಿಗೂ ಮುತ್ತು.

ನಿನ್ನ
ಬಾಯಿಬಡುಕಿ

ತಾ.ಕ.: ಲಕೋಟೆ ಅಂಟಿಸುವ ಆತುರದಲ್ಲಿ ಮುಖ್ಯವಾದದ್ದೇ ಬಿಟ್ಟುಹೋಯಿತು. ಭಾನುವಾರ ಬರುತ್ತೇನೆ, ಅಲ್ಲಿಯವರೆಗೆ ವಾಯಿದೆ ಕೇಳು ಎಂದು ಪಾಪುವಿಗೆ ಹೇಳಿಡು. ನಿನ್ನ ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿದೆ. ಹೆರಿಗೆ ಕೋಣೆಯೊಳಗೆ ಮನೆಯವರು ಒಬ್ಬರು ಇರಬಹುದಂತೆ, ನಿನ್ನನ್ನು ಕೇಳದೆಯೇ ನನ್ನ ಹೆಸರು ಕೊಟ್ಟಿದ್ದೇನೆ. ಅವತ್ತು ನೀನು, ಅಷ್ಟು ಚಿಕ್ಕವಳು, ಮುಚ್ಚಿದ ಬಾಗಿಲ ಆಚೆ ಒಬ್ಬಳೇ ನಿಂತಿದ್ದೆಯಂತೆ. ಆಮೇಲೆ ನನ್ನನ್ನು ತಂದು ನಿನ್ನ ಕೈಗಿಟ್ಟರಂತೆ. ಈ ಸಲ ನಾನು ಬಾಗಿಲ ಒಳಗಿರುತ್ತೇನೆ ಅಕ್ಕಾ, ನಿನ್ನ ಕೈ ಹಿಡಿದುಕೊಂಡು.