ಮದರ್‌ಬೋರ್ಡ್ ತರೋಕೆ ಹೊರಡೋ ಮುಂಚೆ

ಅಣ್ಣಾ,

ನೀನು ಏಳೋದರೊಳಗೆ ನಾನು ಡ್ಯೂಟಿಗೆ ಹೊರಟಿರ್ತೀನಿ. ಗೇಮಿಂಗ್ ಕಂಪ್ಯೂಟರಿಗೆ ಎಲ್ಲಾ ಬಂದಾಯ್ತು, ಮದರ್‌ಬೋರ್ಡ್ ಒಂದು ಬಿಟ್ಟು. ಮೂರು ವಾರ ವಿಡಿಯೋ ನೋಡಿದ್ದು ಸಾಕು, ಇವತ್ತು ತಂದುಬಿಡು.

ಪ್ರೊಸೆಸರ್ ಡಬ್ಬಿ ಜೊತೆಗೆ ತಗೊಂಡು ಹೋಗು, ಅದು ಕೂರೋ ಸಾಕೆಟ್ ಬೋರ್ಡಿನಲ್ಲಿ ಹೊಂದಬೇಕು. ಮಿಣಮಿಣ ದೀಪಕ್ಕೆ ಮರುಳಾಗಬೇಡ. ಪ್ರೊಸೆಸರಿಗೆ ಕರೆಂಟು ಕೊಡೋ ಭಾಗದ ಮೇಲೆ ಬಿಸಿ ಎಳೆದುಕೊಳ್ಳೋ ದಪ್ಪ ಹೀಟ್‌ಸಿಂಕ್ ಇದೆಯಾ ನೋಡು. ಬಾಳಿಕೆ ಬರೋದು ಅಂಥದ್ದೇ.

"ಹಳೇದರ ಥರ ಇದೂ ಕೈಕೊಟ್ಟರೆ?" ಅಂತ ನಿನ್ನೆಯೂ ಗೊಣಗಿದೆ. ಕೇಳು, ಅಪ್ಪ ತಂದಿದ್ದ ಆ ಹಳೇ ಬೋರ್ಡ್ ತಾನಾಗಿ ಕೈಕೊಡಲಿಲ್ಲ. ಒಂದೇ ಕುರ್ಚಿಯಲ್ಲಿ ಇಬ್ಬರೂ ಒತ್ತಿಕೊಂಡು ಕೂತು ಆಡ್ತಿದ್ವಲ್ಲ, ಆಗ ನಂಗೆ ಒಂಬತ್ತು ವರ್ಷ. ಒಂದಿನ ನೀನು ಶಾಲೆಯಿಂದ ಬರೋದರೊಳಗೆ ಒಂದಾಟ ಆಡೋಣ ಅಂತ ಕೂತೆ. ಬಿಸಿಯಾಗುತ್ತೆ ಅಂತ ನೀನು ತೆರೆದಿಟ್ಟಿದ್ದ ಕಂಪ್ಯೂಟರ್ ಪೆಟ್ಟಿಗೆಯೊಳಕ್ಕೆ ನೀರಿನ ಲೋಟ ಉರುಳಿಸಿಬಿಟ್ಟೆ. ಬೋರ್ಡ್ ಸುಟ್ಟುಹೋಯ್ತು.

ನೀನು ಬಂದವನೇ ಅಪ್ಪನ ಮೇಲೆ ಹಾರಾಡಿದೆ: "ಎಂಥಾ ಬೋರ್ಡ್ ಆರಿಸಿ ತಂದಿರಪ್ಪಾ!"

ನಾನು ಅಳ್ತಾ ನೀರು ಒರೆಸಿದ್ದನ್ನ ಅಪ್ಪ ಬಾಗಿಲಲ್ಲೇ ನಿಂತು ನೋಡಿದ್ದರು. ಆದರೂ, "ಹೌದಪ್ಪಾ, ನಂಗೆ ಆರಿಸೋಕೆ ಬರಲಿಲ್ಲ" ಅಂದರು. ಆಮೇಲೆ ನಿನಗೆ ಅಂತ ಅವರು ಯಾವತ್ತೂ ಏನನ್ನೂ ಆರಿಸಿ ತರಲಿಲ್ಲ, ಗಮನಿಸಿದ್ದೀಯಾ? ನಾವಿಬ್ಬರೂ ಆಡ್ತಿದ್ದ ಆ ದಿನಗಳನ್ನ ನೆನೆಸಿಕೊಂಡಾಗೆಲ್ಲ ನಂಗೆ ಅಪ್ಪನ ಆ ಮುಖವೂ ನೆನಪಾಗುತ್ತೆ.

ಬೈಯೋದಿದ್ದರೆ ಸಂಜೆ ಬಂದಮೇಲೆ ಬೈಯಿ. ಈಗ ಅಪ್ಪನ್ನ ಕರ್ಕೊಂಡು ಅಂಗಡಿಗೆ ಹೋಗು. ಹೊಂದೋವಂಥ ನಾಲ್ಕು ಬೋರ್ಡ್ ಮುಂದಿಟ್ಟು, "ಯಾವುದು ತಗೊಳ್ಳಲಪ್ಪಾ?" ಅಂತ ಕೇಳು. ಅವರು ಕೈ ತೋರಿಸಿದ್ದನ್ನೇ ತಗೊಂಡು ಬಾ.

ನಿನ್ನ ತಂಗಿ